ಹಳೆಯ ರೊಪ್ಪದ ಜೋಳ

ಯುರಾಕ್‌ಕಂಚಾ, ಅಪೂರಿಮಾಕ್
9 ಜೂನ್ 2019, ಭಾನುವಾರ. ಲಾಮಾಗಳು ಮೇಯಲು ಹೋಗಿವೆ. ಮನೆಯಲ್ಲಿ ನಾನೊಬ್ಬಳೇ.

ಪ್ರೀತಿಯ ಕೊಮಾದ್ರೆ ಎವರಿಸ್ತಾ,

ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೆ? ಇಷ್ಟು ತಿಂಗಳು ಬರೆಯಲಿಲ್ಲ, ಬೇಸರಿಸಬೇಡ. ಫೋನ್ ಮಾಡಿದರೆ ನಿನ್ನ ಮಗ ವಿದಾಲ್ ಎತ್ತುತ್ತಾನೆ. ಇದನ್ನು ಕನ್ನಡಕ ಹಾಕಿಕೊಂಡು ನೀನೇ ಓದು.

ನಮ್ಮಲ್ಲಿ ಮುಸುಕಿನಜೋಳ ಬೆಳೆದಿದೆ. ನಾನು ಸುಳ್ಳು ಹೇಳುವವಳಲ್ಲ. ಎರಡು ವರ್ಷದ ಹಿಂದೆ ಕಣಿವೆಗೆ ಇಳಿದಾಗ ನೀನು ಕೊಟ್ಟ ಜೋಳದ ಚೀಲದ ತಳದಲ್ಲಿ ಒಂದು ಹಿಡಿ ಕಾಳು ಉಳಿದಿತ್ತು. ನನ್ನ ಮಗಳು ಒಲಿಂಡಾ, ನೀನು ಮೊದಲ ಕೂದಲು ಕತ್ತರಿಸಿ ದೇವಮಗಳೆಂದು ಒಪ್ಪಿಕೊಂಡು ನನಗೆ ಕೊಮಾದ್ರೆಯಾದೆಯಲ್ಲ, ಅವಳೇ, ಅದನ್ನು ಅಲ್ಪಾಕಾಗಳ ಹಳೆಯ ರೊಪ್ಪದಲ್ಲಿ ಊರಿದಳು. ಅಜ್ಜನ ಕಾಲದ ಹಿಕ್ಕೆಗೊಬ್ಬರ ಅಲ್ಲಿ ಮೊಣಕಾಲುದ್ದ ಇದೆ. ನಾನು ನಕ್ಕೆ. ಇಲ್ಲಿ ಹುಲ್ಲು ಬಿಟ್ಟರೆ ಆಲೂಗಡ್ಡೆ, ಅದೂ ಕಹಿ ಆಲೂಗಡ್ಡೆ; ಮಿಕ್ಕಿದ್ದನ್ನೆಲ್ಲ ಹಿಮ ಸುಟ್ಟುಹಾಕುತ್ತಿತ್ತು.

ಹಿಮ ಬರಲೇ ಇಲ್ಲ. ಫೆಬ್ರವರಿಯಲ್ಲಿ ಕಲ್ಲುಗೋಡೆಯ ಮೇಲೆ ಸೂಲಂಗಿಗಳು ತಲೆ ಎತ್ತಿದವು. ಲಾಮಾಗಳು ಸಾಲಾಗಿ ನಿಂತು ಕತ್ತು ಚಾಚಿ ನೋಡಿದವು. ನನ್ನ ಗಂಡ ಮೆಲಿಟೋನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನು ಇಗರ್ಜಿಯಲ್ಲೂ ಟೋಪಿ ತೆಗೆಯುವವನಲ್ಲ, ನಿನಗೆ ಗೊತ್ತು. "ನೋಡೇ, ನಿನ್ನ ಕೊಮಾದ್ರೆ ಬೆಟ್ಟ ಹತ್ತಿ ನಮ್ಮನೇಗೇ ಬಂದುಬಿಟ್ಟಿದಾಳೆ!" ಅಂದ.

ಮೊದಲ ತೆನೆ ನಾನೇ ಸುಲಿದೆ. ಕಾಳು ಸಣ್ಣದು, ಆದರೆ ತುದಿಯವರೆಗೂ ತುಂಬಿತ್ತು. ಅದನ್ನು ಹಿಡಿದು ಬೆಟ್ಟದಪ್ಪನ ಕಡೆ ನೋಡಿದೆ. ಅವನ ತಲೆಯ ಮೇಲೆ ಬಿಳಿ ಇಲ್ಲ, ಬರೀ ಕಪ್ಪು ಬಂಡೆ. ಕೊಟ್ಟವನು ಅವನೋ, ಕಳೆದುಕೊಂಡವನು ಅವನೋ ತಿಳಿಯಲಿಲ್ಲ. ಇಬ್ಬರಿಗೂ ಎಂದುಕೊಂಡು ನೆಲಕ್ಕೆ ಒಂದಿಷ್ಟು ಚಿಚಾ ಹೆಂಡ ಸುರಿದೆ. ಅಲ್ಪಾಕಾಗಳಿಗೆ ಹಸಿಹುಲ್ಲು ಸಿಗದೆ ಇನ್ನೂ ಮೇಲಕ್ಕೆ ಅಟ್ಟಿದ್ದೇವೆ; ಅದರಾಚೆ ಬೆಟ್ಟವೇ ಇಲ್ಲ.

ಈಗ ಮೆಲಿಟೋನ್ ಹೇಳುತ್ತಾನೆ, "ಮುಂದಿನ ವರ್ಷ ಎಲ್ಲಾ ರೊಪ್ಪದಲ್ಲೂ ಜೋಳ ಊರೋಣ. ಕಣಿವೆಗೆ ಯಾಕೆ ಇಳೀಬೇಕು? ಹೊರೋ ಲಾಮಾಗಳನ್ನ ಮಾಂಸಕ್ಕೆ ಕೊಟ್ಟುಬಿಡೋಣ."

"ನೀನೂ ಏನೂ ಹೊರಲ್ಲ, ನಿನ್ನ ಯಾರಿಗೆ ಕೊಡೋಣ?" ಅಂದಳು ಒಲಿಂಡಾ. ಅವನು ನಕ್ಕ, ಆದರೆ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ನನ್ನ ಅಜ್ಜಿ ನಿನ್ನ ಅಜ್ಜಿಯ ಅಂಗಳದಲ್ಲಿ ಒಣಮಾಂಸ ಇಳಿಸಿ ಜೋಳ ಹೇರಿಕೊಂಡು ಬರುತ್ತಿದ್ದಳು. ಈ ವರ್ಷ ಇಳಿಯದಿದ್ದರೆ ಆ ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ, ಕೊಮಾದ್ರೆ. ನೀನೂ ನಾನೂ ಎರಡು ಊರಿನ ಇಬ್ಬರು ಮುದುಕಿಯರಾಗಿಬಿಡುತ್ತೇವೆ.

ನಿನ್ನ ಒಲೆ ಆರದಿರಲಿ, ನಿನ್ನ ಕಾಲಿಗೆ ಬಲ ಬರಲಿ. ಬೆಟ್ಟದಪ್ಪ ಕಾಯಲಿ.

ನಿನ್ನ
ಸತುರ್ನಿನಾ

ಮರೆತ ಮಾತು: ಹೋದ ವರ್ಷ ನಾವು ಬಂದಾಗ ನಿನ್ನ ಹೊಲದ ತುಂಬ ಜೋಳದ ಬದಲು ಬೆಣ್ಣೆಹಣ್ಣಿನ ಸಸಿಗಳಿದ್ದವು. ವಿದಾಲ್ ಅಂಗಡಿಯಿಂದ ಅಕ್ಕಿಮೂಟೆ ತಂದಿಟ್ಟು, "ಅವ್ವ ಸಂತೆಗೆ ಹೋಗಿದಾಳೆ ಅತ್ತೆ" ಅಂದ. ಬಾಗಿಲ ಹಿಂದೆ ನೀನು ಕೆಮ್ಮಿದ್ದು ನನಗೆ ಕೇಳಿಸಿತು. ಕೊಡಲು ಜೋಳವಿಲ್ಲವೆಂದು ನನಗೆ ಮುಖ ತೋರಿಸಲಿಲ್ಲ ನೀನು.

ನಮ್ಮ ರೊಪ್ಪದ ಜೋಳ ಒಂದು ಲಾಮಾದ ಹೊರೆಯಷ್ಟಾಗಿದೆ. ಅದನ್ನು ನಿನಗೇ ತರುತ್ತೇನೆ ಎಂದಾಗ ಮೆಲಿಟೋನ್, "ಕಣಿವೆಗೆ ಜೋಳ ಹೊರ್ತೀಯಾ? ಹೊಳೆಗೆ ನೀರು ಹೊತ್ತ ಹಾಗೆ!" ಎಂದು ಬೈದ. ನಿಮ್ಮೂರಿನವರೂ ನಗಲಿ. ಶುಕ್ರವಾರ ಹೊರಡುವುದೆಂದು ನಿಶ್ಚಯಿಸಿದ್ದೇನೆ. ಅವನು ಬರದಿದ್ದರೆ ಒಲಿಂಡಾ ಮತ್ತು ನಾನು. ಲಾಮಾ ಹಿಡಿದುಕೊಂಡು ನಿನ್ನ ಅಂಗಳದಲ್ಲಿ ನಿಲ್ಲುತ್ತೇನೆ. ನೀನೇ ಬಂದು ಇಳಿಸಿಕೊಳ್ಳುವವರೆಗೆ ಹಗ್ಗ ಬಿಚ್ಚುವುದಿಲ್ಲ.