ಗರಗಸದ ಅಂಚು

ಸಸ್ಯಶಾಸ್ತ್ರದ ಮೇಡಂ ಅವರಿಗೆ ತೋಟದ ಮಾಲಿಯ ನಮಸ್ಕಾರ.

ಈ ಜಾತಿಯ ಮರದ ಎಲೆಗೆ ಗರಗಸದಂಥ ಅಂಚು ಎಂದು ನಿಮ್ಮ ಪುಸ್ತಕದಲ್ಲಿದೆ. ನಮ್ಮ ಮರದ ಎಲೆಯಂಚು ನುಣುಪು. ಹಾಗಾಗಿ ಇದು ಬೇರೆ ಜಾತಿ, ಈ ತೋಟದಲ್ಲಿ ಇರಬಾರದು, ಸೋಮವಾರ ಕಡಿದುಹಾಕು ಎಂದು ಚೀಟಿ ಕಳಿಸಿದ್ದೀರಿ.

ಪುಸ್ತಕಕ್ಕೆಂದು ನೀವು ಒಣಗಿಸಿಟ್ಟ ಎಲೆಯನ್ನು ಇದೇ ಮರದಿಂದ ಕಿತ್ತುಕೊಟ್ಟವನು ನಾನು. "ಇದನ್ನ ಹುಳ ತಿಂದಿದೆ, ಬೇರೆ ಕೊಡ್ತೀನಿ ತಾಳಿ ಮೇಡಂ" ಅಂದೆ. "ಯಾವ ಎಲೆಯಾದರೇನಯ್ಯ, ಬಸ್ಸಿಗೆ ಹೊತ್ತಾಯ್ತು" ಅಂದಿರಿ. ಹುಳ ಕಚ್ಚಿದ ಗುರುತಿಗೆ ಮರ ಯಾಕೆ ತಲೆ ಕೊಡಬೇಕು?

ಇದನ್ನು ನೆಟ್ಟವರು ನಮ್ಮಪ್ಪ. ಆ ಮಾತು ಇಲ್ಲಿ ಬೇಡ. ಸೋಮವಾರದೊಳಗೆ ನೀವೇ ಬಂದು ಚಿಗುರೆಲೆ ಮುಟ್ಟಿ ನೋಡಿ. ನನ್ನ ಮಾತು ನಂಬದಿದ್ದರೆ, ಆ ಹುಳದ ಮೊಮ್ಮಕ್ಕಳು ಇಲ್ಲೇ ಊಟಕ್ಕೆ ಕೂತಿವೆ, ಅವನ್ನೇ ಕೇಳಿ.

ಇಂತಿ,
ಕೊಡಲಿ ಬಚ್ಚಿಟ್ಟಿರುವ ಮಾಲಿ