ಆರು ವರ್ಷದ ಟೆಂಪರರಿ ಸೇತುವೆ

ನಾಲೆ ಸೇತುವೆಗಳ ಉಸ್ತುವಾರಿ ಹೊತ್ತ ಮಾನ್ಯ ಸಾಹೇಬರೇ,

ಹೆಮ್ಮಿಗೆ ಕಡೆಯ ನಮ್ಮೂರಿನ ನಾಲೆಗೆ ತಾವು ಹಾಕಿಸಿದ ಟೆಂಪರರಿ ಸೇತುವೆಗೆ ಈ ಸಂಕ್ರಾಂತಿಗೆ ಆರು ವರ್ಷ ತುಂಬಿತು. ಸೇತುವೆ ಎಂದರೆ ಎರಡು ತೆಂಗಿನ ದಿಮ್ಮಿ, ಹಿಡಿದುಕೊಳ್ಳಲು ಏನೂ ಇಲ್ಲ. ಕಳೆದ ತಿಂಗಳು ಅದರ ಮೇಲಿಂದ ದೇವೀರಮ್ಮ ಬಿದ್ದು ಕೈ ಮುರಿದುಕೊಂಡರು. ಅದಕ್ಕೇ ಈ ಪತ್ರ.

ನಾನು ಊರಿನ ಹಾಲಿನ ಡೈರಿ ಸೆಕ್ರೆಟರಿ. ಇಂಗ್ಲಿಷ್ ಅಷ್ಟಕ್ಕಷ್ಟೇ, ಅಷ್ಟನ್ನಾದರೂ ಕಲಿಸಿದ ಪುಣ್ಯ ತಮ್ಮ ಉತ್ತರಗಳದು. ಮೊದಲ ಅರ್ಜಿಗೆ 'ಟೆಂಪರರಿ ವ್ಯವಸ್ಥೆ' ಎಂದು ಉತ್ತರ ಬಂತು. ಎರಡನೆಯದಕ್ಕೆ 'ಇಂಟರಿಮ್', ಮೂರನೆಯದಕ್ಕೆ 'ಪ್ರಾವಿಷನಲ್', ಹೋದ ವರ್ಷ 'ಸ್ಟಾಪ್ ಗ್ಯಾಪ್'. ಮಗಳು ನಂದಿತಾ ಡಿಕ್ಷನರಿ ನೋಡಿ, "ಅಪ್ಪಾ, ಹೆಚ್ಚುಕಮ್ಮಿ ನಾಲ್ಕೂ ಒಂದೇ ಕಣಪ್ಪ" ಎಂದು ನಕ್ಕಳು. ಊಟಕ್ಕಿಲ್ಲದ ಉಪ್ಪಿನಕಾಯಿಯನ್ನು ನಾಲ್ಕು ಜಾಡಿಯಲ್ಲಿ ಕಳಿಸಿದಿರಲ್ಲ, ಎಂಥ ಔದಾರ್ಯ! ನಾಲ್ಕು ಸಲ ಪದ ಬದಲಿಸುವ ಬದಲು ಒಂದು ಸಲ ದಿಮ್ಮಿ ಬದಲಿಸಬಹುದಿತ್ತಲ್ಲವೇ?

ನಮ್ಮವರೂ ಕಡಿಮೆಯಿಲ್ಲ ಬಿಡಿ. ಆಯುಧಪೂಜೆಗೆ ಟ್ರ್ಯಾಕ್ಟರ್ ಜೊತೆ ಆ ದಿಮ್ಮಿಗಳಿಗೂ ವಿಭೂತಿ ಬಳಿದು, ಹೂ ಇಟ್ಟು, ಬೂದುಗುಂಬಳ ಒಡೆಯುತ್ತಾರೆ. ತಾವು ಕೈಬಿಟ್ಟ ಮೇಲೆ ದೇವರಾದರೂ ಕಾಯಲಿ ಎಂದು ನಾನೂ ಕಾಯಿ ಒಡೆದೆ. ತಮ್ಮ ಕಚೇರಿ ಬಾಗಿಲಲ್ಲಿ ಕೂರಬೇಕಾದವನು ದಿಮ್ಮಿಗೆ ಕೈಮುಗಿದು ಬಂದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ದೇವೀರಮ್ಮನವರಿಗೆ ಅರವತ್ತೆಂಟು, ಮನೆ ನಾಲೆಯ ಆಚೆ ದಡದಲ್ಲಿ, ಇರುವುದು ಒಂದೇ ಹಸು. ಬೆಳಗ್ಗೆ ಡೈರಿಗೆ ಮೊದಲ ಹಾಲು ಅವರದೇ. ಅಂದು ಇಬ್ಬನಿಗೆ ಕಾಲು ಜಾರಿತು. ನಾನು ನೀರಿನಿಂದ ಮೇಲಕ್ಕೆಳೆದಾಗ ಅವರು ಆಡಿದ ಮೊದಲ ಮಾತು, "ಆಲೆಲ್ಲಾ ಓಯ್ತಲ್ಲಪ್ಪಾ ಮಾದೇವಾ!"

ನರಸೀಪುರದ ಡಾಕ್ಟರು, "ಊತ ಇಳೀಲಿ, ಈಗ ಟೆಂಪರರಿ ಪಟ್ಟಿ ಹಾಕ್ತೀನಿ, ಹತ್ತು ದಿನ ಬಿಟ್ಟು ಬನ್ನಿ" ಎಂದರು. ಹತ್ತನೇ ದಿನ ಅದನ್ನು ಬಿಚ್ಚಿ ಗಟ್ಟಿ ಪಟ್ಟಿ ಹಾಕಿಯೇಬಿಟ್ಟರು! ನನಗೆ ಗಾಬರಿಯಾಯಿತು ಸ್ವಾಮಿ. ಟೆಂಪರರಿ ಎಂಬುದು ಮುಗಿಯುವುದನ್ನು ಆರು ವರ್ಷದಲ್ಲಿ ಮೊದಲ ಸಲ ಕಂಡೆ.

ಈಗ ಪಕ್ಕದ ಮನೆಯ ನಾಗರತ್ನ ಹಾಲು ಕರೆದುಕೊಡುತ್ತಾಳೆ. ದೇವೀರಮ್ಮ ಒಂದು ಕೈಗೆ ಪಟ್ಟಿ, ಇನ್ನೊಂದರಲ್ಲಿ ಕ್ಯಾನ್ ಹಿಡಿದು ಮತ್ತೆ ದಿಮ್ಮಿ ದಾಟುತ್ತಿದ್ದಾರೆ. ಬೇಡವೆಂದು ಗದರಿದರೆ, "ಅಸ ರಜ ಕೊಟ್ಟದೇನ್ಲಾ?" ಎನ್ನುತ್ತಾರೆ. ಅವರು ಈಚೆ ದಡ ಮುಟ್ಟುವವರೆಗೆ ನನಗೆ ಜೀವದಲ್ಲಿ ಜೀವವಿರುವುದಿಲ್ಲ.

ಈ ಬೇಸಿಗೆಯಲ್ಲಿ ನಾಲೆಗೆ ನೀರು ನಿಲ್ಲಿಸಿದಾಗ ಕಾಂಕ್ರೀಟ್ ಸೇತುವೆ ಕಟ್ಟಿಸಿ. ದಯವಿಟ್ಟು ಐದನೇ ಪದ ಕಳಿಸಬೇಡಿ. ತಾವೇ ಬನ್ನಿ, ಹಾಲಿನ ಕ್ಯಾನ್ ಹಿಡಿದು ಒಮ್ಮೆ ದಾಟಿ. ಆಸ್ಪತ್ರೆಯಿಂದ ಬರುವಾಗ ದೇವೀರಮ್ಮ ನನ್ನನ್ನು ಕೇಳಿದ್ದಕ್ಕೆ ಅವರ ಎದುರಲ್ಲೇ ಉತ್ತರ ಕೊಡಿ:

"ನನ್ ಕೈಗೆ ಅತ್ತು ದಿನ ಅಂದ್ರು, ಅತ್ತೇ ದಿನ ಆಯ್ತು. ಆ ದಿಮ್ಮಿಗೆ ಎಷ್ಟು ದಿನ ಅಂದವ್ರೆ ಮಾದೇವಾ?"

ಇಂತಿ,
ಟೆಂಪರರಿ ತಾಳ್ಮೆಯ
ಮಹಾದೇವಸ್ವಾಮಿ
ಹಾಲಿನ ಡೈರಿ ಸೆಕ್ರೆಟರಿ, ನಾಲೆಯ ಈಚೆ ದಡ