ಹಿಮದ ಮೇಲಿನ ಕರೀ ಹನಿ

ಗಾಸ್ತೋನ್,

ಮಲಗಿ ಎದ್ದ ಕೂಡ್ಲೇ ಟ್ರಕ್ ಸ್ಟಾರ್ಟ್ ಮಾಡೋಕೆ ಹೋಗ್ಬೇಡ. ಕೀ ಹುಡುಕ್ಬೇಡ, ನನ್ನ ಹತ್ರಾನೇ ಇದೆ.

ನೀನು ಹೇಳಿದ್ದೇ ಸರಿ. ಅಂಗಳದ ಹಿಮದ ಮೇಲೆ ವಾರದಿಂದ ಬೀಳ್ತಿರೋ ಹನಿ ನೋಡಿ ಎಂಜಿನ್ ಸೋರ್ತಿದೆ ಅಂದೆ ನೀನು. "ಚಳಿಗಾಲಕ್ಕೆ ಮುಂಚೆ ತುಕ್ಕು ಹಿಡೀದಿರ್ಲಿ ಅಂತ ಟ್ರಕ್ಕಿನ ಅಡಿಭಾಗಕ್ಕೆಲ್ಲ ಎಣ್ಣೆ ಹೊಡೆಸಿದ್ವಲ್ಲ, ಅದೇ ತೊಟ್ಟಿಕ್ತಿದೆ. ನಿಂಗೆ ಎಲ್ಲದಕ್ಕೂ ಅನುಮಾನ" ಅಂತ ನಾನೇ ಬಾಯಿ ಮುಚ್ಚಿಸ್ದೆ. ಈಗ ಬಟ್ಟೇಲಿ ಒರೆಸಿ ನೋಡಿದ್ರೆ ಆ ಜೇನಿನ ಬಣ್ಣದ ಎಣ್ಣೆ ಅಲ್ಲ, ಮಸಿಯಂಥ ಎಂಜಿನ್ ಆಯಿಲ್! ಎಂಜಿನ್ನಿನ ಅಡಿಯ ಆಯಿಲ್ ಚೇಂಬರ್‌ಗೆ ಬೆರಳು ತಾಗ್ಸಿದ್ರೆ ತುಕ್ಕು ಪದರ ಪದರವಾಗಿ ಉದುರ್ತು.

ನನ್ನ ತಮ್ಮ ರೋಲಾಂ ಮಧ್ಯಾಹ್ನ ಹೊಸ ಚೇಂಬರ್ ತರ್ತಾನೆ. ಇಸ್ಕೊಂಡು ಇಡು, ಅಷ್ಟೇ. ಒಬ್ನೇ ಟ್ರಕ್ ಕೆಳಗೆ ನುಗ್ಗಬೇಡ, ಎಂಜಿನ್ ಸ್ವಲ್ಪ ಎತ್ತದೆ ಹಳೇದು ಹೊರಗೆ ಬರಲ್ಲ. ಐದಕ್ಕೆ ಬರ್ತೀನಿ. ದೀಪ ನಾನು ಹಿಡೀತೀನಿ, ಬೈಗುಳ ನೀನು ನೋಡ್ಕೋ.

ಬಟಾಣಿ ಸೂಪ್ ಒಲೆ ಮೇಲಿದೆ. ತಣ್ಣಗೇ ಕುಡೀಬೇಡ ಮಾರಾಯ.

"ಹಿಮ ಕರಗ್ಲಿ ಅಂತ ನಗರಸಭೆ ಲಾರೀಲಿ ಊರೆಲ್ಲ ಉಪ್ಪು ಎರಚೋನು ನಾನೇ, ಆ ಉಪ್ಪು ತುಕ್ಕು ಹಿಡಿಸಿ ತಿನ್ನೋದು ನನ್ನ ಟ್ರಕ್ಕನ್ನೇ" ಅಂತ ನಿನ್ನೆ ಮುಖ ಸಪ್ಪೆ ಮಾಡ್ಕೊಂಡಿದ್ಯಲ್ಲ, ತಿನ್ಲಿ ಬಿಡು. ಇವತ್ತು ಶಾಲೆಗೆ ನಡ್ಕೊಂಡೇ ಹೋಗ್ತೀನಿ. ಜಾರಿ ಬೀಳ್ತೀನೇನೋ ಅಂತ ಕಿಟಕೀಲಿ ನಿಂತು ನೋಡೋದು ಬೇಡ, ಮಲ್ಕೋ. ಬೆಳಗಿನ ಜಾವ ನಮ್ಮ ಬೀದಿಗೆ ಉಪ್ಪು ಹಾಕ್ದೋನು ಯಾರು ಅಂತ ನಂಗೊತ್ತು.

ಮಿರೇಯ್